ಎರಡಡಿ ಎತ್ತರದಲ್ಲಿ ಒಂದು ಮಗು

"ಆಂಟಿ, ಯಾವ ಸ್ಟ್ರಾಲರ್ ತಗೊಳ್ಳಲಿ?" ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಹೊಸದಾಗಿ ತಾಯಂದಿರಾದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಈಗ ಇದು. ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಮಕ್ಕಳ ವಿಷಯ ಬಂದರೆ ಬೀದಿಯವರು ಇನ್ನೂ ನಮ್ಮ ಮನೆ ಬಾಗಿಲು ತಟ್ಟುತ್ತಾರೆ. ಎಂಬತ್ತರ ದಶಕದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಮಾಕ್ಷಿಪಾಳ್ಯ, ಕುರುಬರಹಳ್ಳಿ, ಮಾಗಡಿ ರಸ್ತೆಯ ವಠಾರಗಳಿಗೆ ಹೋದರೆ ಕೇಳುತ್ತಿದ್ದ ಪ್ರಶ್ನೆ ಬೇರೆಯೇ: "ಮಗೂನ ಹೊರಗೆ ತಂದ್ರೆ ಗಾಳಿ ಸೋಕಲ್ವಾ ಸಿಸ್ಟರ್?" ಆಗ ಹೊರಗೆ ಕಾದಿದ್ದುದು ದೃಷ್ಟಿ, ಗಾಳಿ, ಮುಸ್ಸಂಜೆ. ಈಗ ಕಾದಿರುವುದು ನೀರಿನ ಟ್ಯಾಂಕರ್, ಹೊಗೆ, ಬೀದಿನಾಯಿ, ಡೆಂಗ್ಯೂ ಸೊಳ್ಳೆ. ಆಗಿನ ಹೆದರಿಕೆಗೆ ಮೂರು ತಿಂಗಳ ಗಡುವಿತ್ತು. ಗಡುವು ಮುಗಿದ ಮಗು ಬೀದಿಯವರೆಲ್ಲರ ಕಂಕುಳಿಗೂ ಹೋಗಿ ಬರುತ್ತಿತ್ತು. ಈಗಿನ ಹೆದರಿಕೆಗೆ ಗಡುವೇ ಇಲ್ಲ. ಒಂದೂವರೆ ವರ್ಷ ತುಂಬಿದರೂ ಲಿಫ್ಟು, ಪಾರ್ಕಿಂಗ್, ಕಾರು, ಮಾಲ್ ಬಿಟ್ಟರೆ ಬೇರೇನೂ ಕಾಣದ ಮಕ್ಕಳನ್ನು ದಿನವೂ ನೋಡುತ್ತೇನೆ. ಸಂಕಟವಾಗುತ್ತದೆ.

ಹಳೆಯ ಕಟ್ಟುಪಾಡನ್ನು ನಾನು ಹಗುರವಾಗಿ ಕಾಣಲಾರೆ. ನಲವತ್ತು ದಿನ ಬಾಣಂತಿ ಕೋಣೆ ಬಿಡಬಾರದು, ಮೂರು ತಿಂಗಳು ಮಗು ಹೊಸಿಲು ದಾಟಬಾರದು, ದಾಟಿದರೂ ದೀಪ ಹಚ್ಚುವ ಹೊತ್ತಿಗೆ ಒಳಗಿರಬೇಕು ಅನ್ನುತ್ತಿದ್ದರು. ಕೆನ್ನೆಗೆ ದೃಷ್ಟಿಬೊಟ್ಟು, ಮುಂಗೈಗೆ ಬಜೆ, ತಲೆಗೆ ಕುಲಾವಿ. ಇದರಲ್ಲಿ ಅರ್ಧ ಅಪ್ಪಟ ವಿವೇಕ. ಹುಟ್ಟಿದ ಮಗುವಿಗೆ ರೋಗ ತಡೆಯುವ ಶಕ್ತಿ ಕಡಿಮೆ. ನಮ್ಮ ಸರ್ಕಾರಿ ಪಟ್ಟಿಯಲ್ಲೂ ಮುಖ್ಯ ಲಸಿಕೆಗಳು ಬರುವುದು 6, 10, 14ನೇ ವಾರಗಳಲ್ಲಿ. ದಡಾರ-ರುಬೆಲ್ಲಾ ಲಸಿಕೆಗೆ 9 ತಿಂಗಳು ತುಂಬಬೇಕು. ದಡಾರ, ನಾಯಿಕೆಮ್ಮು ಮನೆಯಿಂದ ಮನೆಗೆ ದಾಟುತ್ತಿದ್ದ ಕಾಲದಲ್ಲಿ ಎಳೆಗೂಸನ್ನು ಜಾತ್ರೆ, ಮದುವೆಗಳಿಂದ ದೂರ ಇಟ್ಟ ಅಜ್ಜಿಯರು ಎಷ್ಟೋ ಜೀವ ಉಳಿಸಿದ್ದಾರೆ.

ಇನ್ನರ್ಧ ಕೇಡೇ. ಕಿಟಕಿ ಸಂದಿಗೆ ಚಿಂದಿ ತುರುಕಿದ ಕತ್ತಲೆ ಕೋಣೆ, ನೀರು ಹಾಕಿದ ಮೇಲೆ ಮಗುವಿನ ಮುಖದ ಹತ್ತಿರವೇ ಹಿಡಿಯುವ ಲೋಬಾನದ ಹೊಗೆ, ಕಣ್ಣಿಗೆ ಒತ್ತುವ ಕಾಡಿಗೆ. ಶೀಟಿನ ಒಂದೇ ಕೋಣೆಯ ಮನೆಗಳಲ್ಲಿ ಹೊರಗಿನ ಗಾಳಿಗೆ ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಸೀಮೆಎಣ್ಣೆ ಸ್ಟೌ ಹಚ್ಚುತ್ತಿದ್ದರು. ಮಗು ಆ ಹೊಗೆಯನ್ನೇ ಉಸಿರಾಡಿ ಗೊರಗೊರ ಅನ್ನುತ್ತಿತ್ತು. ಅಂಥ ಮನೆಗಳಲ್ಲಿ ಬಾಗಿಲು ತೆಗೆಸುವುದೇ ನನ್ನ ಕೆಲಸದ ದೊಡ್ಡ ಪಾಲಾಗಿತ್ತು. ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಳೆಬಿಸಿಲಿಗೆ ಕೂರುವ ಪದ್ಧತಿಯೊಂದು ಚೆನ್ನಾಗಿತ್ತು. ಅಪಾರ್ಟ್‌ಮೆಂಟಿನ ಮಗುವಿಗೆ ಈಗ ಅದೂ ಇಲ್ಲ. ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಹಾಕಲು ಮಕ್ಕಳ ವೈದ್ಯರು ಬರೆಯುತ್ತಾರೆ. ಆ ಹನಿ ಬೇಕೇ ಬೇಕು, ತಪ್ಪಿಸಬಾರದು. ಆದರೆ ಮರ, ಕಾಗೆ, ಹೂವಿನವಳ ಕೂಗು, ಎದುರುಮನೆಯ ಅಜ್ಜನ ಮುಖ ಇವನ್ನೆಲ್ಲ ಹನಿಯಲ್ಲಿ ಕೊಡಲಾಗದು.

ಪ್ರಾಮನ್ನು ನಾನು ಮೊದಲು ನೋಡಿದ್ದು ರಾಜಾಜಿನಗರದಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1949ರಲ್ಲಿ, ಸಿ. ರಾಜಗೋಪಾಲಾಚಾರಿಯವರ ಹೆಸರಿಟ್ಟು ಶುರುಮಾಡಿದ ಬಡಾವಣೆ ಅದು. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನನ್ನ ಬಾಲ್ಯದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲುಗಳ ಹಿಂಡು ಹೋಗುವುದು ಬಿಟ್ಟರೆ ಅಡ್ಡರಸ್ತೆಗಳು ಖಾಲಿ ಇರುತ್ತಿದ್ದವು. ನಮ್ಮ ಸಾಲಿನ ಕೊನೆಯ ಮನೆಯವರು ದೇಶ ಬಿಟ್ಟು ಹೊರಟಿದ್ದ ದಂಡಿನ ಕಡೆಯ ಆಂಗ್ಲೋ ಇಂಡಿಯನ್ ಕುಟುಂಬದಿಂದ ಒಂದು ಪ್ರಾಮ್ ಕೊಂಡು ತಂದಿದ್ದರು. ಅದು ಇವತ್ತಿಗೂ ಆ ಮನೆಯ ಅಟ್ಟದಲ್ಲಿದೆ. ಈ ಬರಹಕ್ಕೆಂದು ಇಬ್ಬರು ಸೇರಿ ಕೆಳಗಿಳಿಸಿ, ಒರೆಸಿ, ಟೇಪು ಹಿಡಿದು ನೋಡಿದೆವು.

ಕಡು ನೀಲಿ ಬಣ್ಣದ ಆಳವಾದ ತೊಟ್ಟಿಲು, ಒಳಗೆ ಕೆನೆಬಣ್ಣದ ರೆಕ್ಸಿನ್. ತೊಟ್ಟಿಲು ಚಾಸಿಗೆ ನೇರ ಅಂಟಿಲ್ಲ. ಬಾಗಿದ ಉಕ್ಕಿನ ಸ್ಪ್ರಿಂಗುಗಳಿಗೆ ಕಟ್ಟಿದ ನಾಲ್ಕು ಚರ್ಮದ ಪಟ್ಟಿಗಳ ಮೇಲೆ ತೂಗುತ್ತದೆ. ಬೆರಳಿನಿಂದ ಮುಟ್ಟಿದರೂ ಮೆಲ್ಲಗೆ ಓಲಾಡುತ್ತದೆ. ಕಡ್ಡಿ ಚಕ್ರಗಳು ಹಿಂದೆ ಇಪ್ಪತ್ತು ಇಂಚು, ಮುಂದೆ ಸ್ವಲ್ಪ ಚಿಕ್ಕವು. ಹಾಸಿಗೆಯ ಮಧ್ಯದ ಹಲಗೆ ಎತ್ತಿದರೆ ಕೆಳಗೆ ಗುಂಡಿ. ಮಗು ದೊಡ್ಡದಾದ ಮೇಲೆ ಅಲ್ಲಿ ಕಾಲಿಳಿಬಿಟ್ಟು ಕೂರಿಸಬಹುದು. ಹಾಸಿಗೆ ನೆಲದಿಂದ ಎರಡೂವರೆ ಅಡಿ ಮೇಲಿದೆ. ಮಲಗಿದ ಮಗುವಿನ ಮುಖ ತಳ್ಳುವವರ ಕಡೆಗೆ. ಬ್ರೇಕ್ ಅಂದರೆ ಹಿಂದಿನ ಟೈರಿಗೆ ಒತ್ತುವ ಒಂದು ಕಬ್ಬಿಣದ ತುಂಡು. ಬೆಲ್ಟು ಇಲ್ಲವೇ ಇಲ್ಲ.

ಇದರ ವಂಶವೃಕ್ಷ ದೊಡ್ಡದು. 1733ರಲ್ಲಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಚಿಪ್ಪಿನಾಕಾರದ ಪುಟ್ಟ ಗಾಡಿಯನ್ನು ಮಾಡಿಕೊಟ್ಟಿದ್ದ. ಅದನ್ನು ಎಳೆಯಬೇಕಾದದ್ದು ಮೇಕೆಯೋ ಕುದುರೆಮರಿಯೋ. 1877ರಲ್ಲಿ ಲೀಡ್ಸ್ ನಗರದಲ್ಲಿ ವಿಲಿಯಂ ವಿಲ್ಸನ್ ಶುರುಮಾಡಿದ ಸಿಲ್ವರ್ ಕ್ರಾಸ್ ಕಂಪನಿ ಸ್ಪ್ರಿಂಗಿನ ಮೇಲೆ ತೂಗುವ ಪ್ರಾಮುಗಳಿಗೆ ಹೆಸರಾಯಿತು, ಅರಮನೆಯ ಮಕ್ಕಳಿಗೂ ಅವೇ ಬಂದವು. ಕಲ್ಲುಹಾಸಿನ ಬೀದಿಯಲ್ಲಿ ಎಳೆಗೂಸು ಅಲುಗದೆ ಅಂಗಾತ ಮಲಗಿ ಆಕಾಶ ನೋಡಬೇಕು ಅನ್ನುವುದು ಆ ಗಾಡಿಯ ಉದ್ದೇಶ. ಅದರಲ್ಲಿ ಒಂದು ಮಾತು ಇಂದಿಗೂ ನಿಜ. ಕತ್ತು ನಿಲ್ಲದ ಮಗುವನ್ನು ಕೂರಿಸಿದರೆ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಕಿರಿದಾಗುತ್ತದೆ. ಆದ್ದರಿಂದ ಸುಮಾರು ಆರು ತಿಂಗಳವರೆಗೆ ಪೂರ್ತಿ ಚಪ್ಪಟೆಯಾಗಿ ಮಲಗಿಸುವ ಗಾಡಿಯೇ ಬೇಕು. ಕುಳಿತ ಭಂಗಿಯ ಹಗುರ ಸ್ಟ್ರಾಲರಿನಲ್ಲಿ ಎರಡು ತಿಂಗಳ ಕೂಸನ್ನು ತುಂಬಿಕೊಂಡು ಬರುವವರನ್ನು ಕಂಡರೆ ನಾನು ನಿಲ್ಲಿಸಿ ಹೇಳುತ್ತೇನೆ.

ಹಾಗಂತ "ಹಳೇದೇ ಗಟ್ಟಿ, ಹಳೇದೇ ಚೆಂದ" ಎನ್ನುವವರ ಜೊತೆ ನಾನು ಸೇರುವವಳಲ್ಲ. ಆ ಪ್ರಾಮಿನಲ್ಲಿ ಮಗುವನ್ನು ಮಲಗಿಸಿ ಮುಂಬಾಗಿಲ ಕಾಂಪೌಂಡಿನಲ್ಲಿ ಬಿಟ್ಟು ಮನೆಯವರೆಲ್ಲ ಒಳಗಿರುತ್ತಿದ್ದರು. ಮಗು ಮಗುಚಿ ಏಳಲು ಕಲಿತ ದಿನದಿಂದ ಬೆಲ್ಟಿಲ್ಲದ, ಎರಡೂವರೆ ಅಡಿ ಎತ್ತರದ ಆ ಗಾಡಿ ಅಪಾಯವೇ. ಏನೂ ಆಗಲಿಲ್ಲ ಅಂದರೆ ಬೀದಿಯ ಹತ್ತು ಕಣ್ಣು ಅದರ ಮೇಲಿದ್ದವು ಅಷ್ಟೆ.

ಮಗುವನ್ನು ಹೊರಗೆ ಮಲಗಿಸುವುದು ಸರಿಯೋ ತಪ್ಪೋ ಎನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. 1930ರ ದಶಕದ ಲಂಡನ್ನಿನಲ್ಲಿ ಅಂಗಳವಿಲ್ಲದ ಫ್ಲಾಟಿನವರು ಮಗುವಿಗೆ ಗಾಳಿ ಆಡಲೆಂದು ಕಿಟಕಿಯ ಹೊರಗೆ ತಂತಿಯ ಪಂಜರ ನೇತುಹಾಕಿ ಅದರಲ್ಲಿ ಮಲಗಿಸುತ್ತಿದ್ದರು. ಇಂದು ಆ ಚಿತ್ರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಡೆನ್ಮಾರ್ಕ್, ಸ್ವೀಡನ್ನುಗಳಲ್ಲಿ ಕೊರೆವ ಚಳಿಯಲ್ಲೂ ಮಕ್ಕಳು ಪ್ರಾಮಿನಲ್ಲಿ ಹೊರಗೇ ನಿದ್ದೆ ಮಾಡುವುದು ಇವತ್ತಿಗೂ ರೂಢಿ. ಅದೇ ರೂಢಿಯಂತೆ 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬರು ನ್ಯೂಯಾರ್ಕಿನ ಹೋಟೆಲಿನ ಕಿಟಕಿಯಾಚೆ, ಕಣ್ಣಳತೆಯಲ್ಲೇ ಮಗುವಿನ ಗಾಡಿ ನಿಲ್ಲಿಸಿ ಊಟಕ್ಕೆ ಕೂತರು. ಪೊಲೀಸರು ಬಂದು ಬಂಧಿಸಿದರು. ತಾಯಿ ಅದೇ, ಗಾಡಿ ಅದೇ. ಬೀದಿಯ ಮೇಲೆ ಊರವರಿಗಿದ್ದ ನಂಬಿಕೆ ಮಾತ್ರ ಬೇರೆ.

ನಮ್ಮಲ್ಲಿ ಬಹುಪಾಲು ಮಕ್ಕಳು ಗಾಡಿಯನ್ನೇ ಕಾಣದೆ ಸೊಂಟದ ಮೇಲೆ ಬೆಳೆದವರು. ಕಾಲು ಅಗಲಿಸಿ ಮಂಡಿ ಮಡಚಿ ಕೂರುವ ಆ ಭಂಗಿ ಮಗುವಿನ ಸೊಂಟದ ಕೀಲು ಸರಿಯಾಗಿ ಕೂರಲು ಒಳ್ಳೆಯದೆಂದು ಮೂಳೆ ವೈದ್ಯರೂ ಒಪ್ಪುತ್ತಾರೆ. ಎದೆಗೆ ಕಟ್ಟಿಕೊಳ್ಳುವ ಈಗಿನ ಚೀಲಗಳಿಗೂ ಅದೇ ನಿಯಮ: ಕಾಲು ಜೋತಾಡದೆ ಮಂಡಿ ಮೇಲಿರಬೇಕು, ಬಗ್ಗಿದರೆ ಮಗುವಿನ ನೆತ್ತಿಗೆ ಮುತ್ತಿಡುವಷ್ಟು ಹತ್ತಿರವಿರಬೇಕು, ಮುಖ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಬಾರದು. ಇನ್ನು ನಡೆಯಲು ಕಲಿಯುವ ಮಗುವಿಗೆ ನಮ್ಮ ಮೈಸೂರು ರಸ್ತೆಯುದ್ದಕ್ಕೂ, ಕೆಂಗೇರಿ ದಾಟಿ ಚನ್ನಪಟ್ಟಣದವರೆಗೆ, ಅಂಗಡಿ ಮುಂದೆ ಸಾಲಾಗಿ ನಿಲ್ಲುವ ಮರದ ನಡೆಬಂಡಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅರಗಿನ ಬಣ್ಣ, ಮೂರು ಚಕ್ರ, ಹಿಡಿಯಲು ಅಡ್ಡಕೋಲು. ಮಗು ಹಿಂದೆ ನಿಂತು, ತನ್ನ ಕಾಲ ಮೇಲೆ ತಾನೇ ತೂಕ ಬಿಟ್ಟು, ತಳ್ಳುತ್ತ ಹೋಗುತ್ತದೆ. ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಹಾಗಲ್ಲ. ಕಾಲ್ಬೆರಳು ತಗುಲಿಸಿದರೆ ಸಾಕು, ರೊಯ್ಯನೆ ಮೆಟ್ಟಿಲಿನತ್ತ ಓಡುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಮ್ಮಲ್ಲಿ ನಾಮಕರಣದ ಉಡುಗೊರೆಯಾಗಿ ಇನ್ನೂ ಬರುತ್ತಿದೆ. ಬಂದರೆ ದಯವಿಟ್ಟು ಬಳಸಬೇಡಿ, ಇನ್ನೊಬ್ಬರಿಗೂ ದಾಟಿಸಬೇಡಿ.

ಇವತ್ತಿನ ಸ್ಟ್ರಾಲರ್ ಬಂದದ್ದು ವಿಮಾನದಿಂದ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಯುದ್ಧವಿಮಾನ ನೆಲಕ್ಕಿಳಿಯುವಾಗ ಬಿಚ್ಚಿಕೊಳ್ಳುವ ಚಕ್ರದ ಕಾಲುಗಳನ್ನು ವಿನ್ಯಾಸ ಮಾಡಿದ್ದವರಲ್ಲೊಬ್ಬ ಓವೆನ್ ಮಕ್ಲಾರೆನ್. ಮಗಳು ಮೊಮ್ಮಗುವಿನ ಭಾರದ ಗಾಡಿ ಹೊತ್ತು ಪರದಾಡುವುದನ್ನು ಕಂಡು, ಛತ್ರಿಯಂತೆ ಮಡಚುವ, ಮೂರು ಕೆಜಿಯೊಳಗಿನ ಅಲ್ಯೂಮಿನಿಯಂ ಗಾಡಿಯನ್ನು ಆತ 1965ರಲ್ಲಿ ರೂಪಿಸಿದ. ಬಸ್ಸು, ಕಾರು, ಮಹಡಿ ಎಲ್ಲಕ್ಕೂ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ತಾಯಂದಿರಿಗೆ ಅದು ಬಿಡುಗಡೆಯೇ ಸರಿ. ಆದರೆ ಹಗುರವಾಗಲು ಚಕ್ರ ಚಿಕ್ಕದಾಯಿತು, ಮಗು ಕೆಳಕ್ಕಿಳಿಯಿತು, ಮುಖ ಬೀದಿಯ ಕಡೆ ತಿರುಗಿತು. ನಮ್ಮ ಊರಿನಲ್ಲಿ ಈ ಮೂರೂ ಲೆಕ್ಕಕ್ಕೆ ಬರುತ್ತವೆ.

ಚಕ್ರದ ಮಾತು ಮೊದಲು. ಯಾವುದೇ ಚಕ್ರ ತನ್ನ ಅರ್ಧ ಎತ್ತರಕ್ಕೆ ಸಮನಾದ ಮೆಟ್ಟಿಲಿಗೆ ಎದುರಾದರೆ ತಳ್ಳಿ ಹತ್ತಿಸಲು ಸಾಧ್ಯವೇ ಇಲ್ಲ, ಎತ್ತಲೇಬೇಕು. ನನ್ನ ಮೊಮ್ಮಗನ ಸ್ಟ್ರಾಲರಿನ ಮುಂಚಕ್ರ 14 ಸೆಂ.ಮೀ.; ಅಂದರೆ 7 ಸೆಂ.ಮೀ. ಅಂಚು ಬಂದರೆ ಅದು ಗೋಡೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಎತ್ತರ 15 ಸೆಂ.ಮೀ. ಮೀರಬಾರದು, ಅಡೆತಡೆಯಿಲ್ಲದ ಅಗಲ ಕಡಿಮೆಯೆಂದರೆ 1.8 ಮೀಟರ್ ಇರಬೇಕು, ಮೂಲೆಗಳಲ್ಲಿ ಇಳಿಜಾರು ಇರಬೇಕು. ಹಾವನೂರು ಸರ್ಕಲ್ಲಿನಿಂದ ನಮ್ಮ ಮನೆಯ ಕಡೆ ಟೇಪು ಹಿಡಿದೇ ನಡೆದೆ. ಒಂದು ಕಡೆ ಫುಟ್‌ಪಾತು 31 ಸೆಂ.ಮೀ. ಎತ್ತರ. ಅಲ್ಲಿಂದ ಹತ್ತು ಹೆಜ್ಜೆಗೆ ಟ್ರಾನ್ಸ್‌ಫಾರ್ಮರ್. ಅದಕ್ಕೂ ಮನೆಯ ಗೋಡೆಗೂ ನಡುವೆ 52 ಸೆಂ.ಮೀ., ಸ್ಟ್ರಾಲರಿನ ಅಗಲ 55. ಮುಂದೆ ಚರಂಡಿ ಮೇಲೆ ಹಾಸಿದ ಚಪ್ಪಡಿ ಕಲ್ಲುಗಳ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದು. ಅಟ್ಟದ ಪ್ರಾಮಿನ ದೊಡ್ಡ ಚಕ್ರವಾಗಿದ್ದರೆ ಅದರ ಮೇಲೆ ಉರುಳಿ ಹೋಗುತ್ತಿತ್ತು, ಈ ಚಿಕ್ಕ ಚಕ್ರ ಒಳಗಿಳಿದು ಸಿಕ್ಕಿಕೊಳ್ಳುತ್ತದೆ, ಗಾಡಿ ಮುಗ್ಗರಿಸುತ್ತದೆ. ಹಾಗಾಗಿ ತಾಯಂದಿರು ಗಾಡಿಯನ್ನು ರಸ್ತೆಗೇ ಇಳಿಸುತ್ತಾರೆ. ನಿಂತ ಕಾರುಗಳ ಸಾಲಿನ ಹೊರಗೆ, ಬರುವ ವಾಹನಗಳ ದಾರಿಯಲ್ಲಿ, ಮಗುವನ್ನು ತನಗಿಂತ ಮೂರಡಿ ಮುಂದೆ ತಳ್ಳಿಕೊಂಡು ಹೋಗಬೇಕು. ಅಡ್ಡರಸ್ತೆಯ ಮೂಲೆಯಲ್ಲಿ ತಾಯಿಗೆ ವಾಹನ ಕಾಣುವ ಮೊದಲೇ ಮಗು ಅದರ ಎದುರು ಬಂದಿರುತ್ತದೆ. ಅಂಥ ಮೂಲೆಯಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ತಾನು ಮುಂದೆ ನಿಂತು ನೋಡಿ, ಆಮೇಲೆ ದಾಟುವುದನ್ನು ನಮ್ಮ ಬೀದಿಯ ಹುಡುಗಿಯರಿಗೆ ಕಲಿಸಿದ್ದೇನೆ.

ಆಮೇಲೆ ಎತ್ತರದ ಮಾತು. ಸ್ಟ್ರಾಲರಿನಲ್ಲಿ ಕೂತ ಮೊಮ್ಮಗನ ಮೂಗು ನೆಲದಿಂದ ಎರಡಡಿ. ಕಾರಿನ ಸೈಲೆನ್ಸರ್ ಅದಕ್ಕಿಂತ ಕೆಳಗೆ, ಆಟೋದ್ದೂ ಅಲ್ಲೇ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಪ್ರಶಾಂತ್ ಕುಮಾರ್ ನೇತೃತ್ವದ ಸಂಶೋಧಕರು 2018ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ನೆಲದಿಂದ 55ರಿಂದ 85 ಸೆಂ.ಮೀ. ಎತ್ತರದಲ್ಲಿ ಉಸಿರಾಡುವ ಗಾಡಿಯ ಮಕ್ಕಳು ಜೊತೆಗೆ ನಡೆಯುವ ದೊಡ್ಡವರಿಗಿಂತ ಶೇ. 60ರವರೆಗೂ ಹೆಚ್ಚು ಮಾಲಿನ್ಯಕ್ಕೆ ಒಡ್ಡಿಕೊಳ್ಳಬಹುದು ಎಂದು ತೋರಿಸಿದರು. ಸಿಗ್ನಲ್, ಬಸ್ ನಿಲ್ದಾಣ, ವಾಹನ ನಿಂತು ಹೊರಡುವ ಕಡೆಗಳಲ್ಲಿ ಕಾಟ ಹೆಚ್ಚು. ಮಾಗಡಿ ರಸ್ತೆಯ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರ್ಡ್ ರಸ್ತೆ, ಮಾಗಡಿ ರಸ್ತೆಗಳ ಅಂಚಿನಲ್ಲಿ ಗಾಡಿ ತಳ್ಳಲೇಬೇಡಿ ಎನ್ನುತ್ತೇನೆ. ಒಂದು ರಸ್ತೆ ಒಳಗೆ ಹೋದರೂ ಸಾಕು, ಗಾಳಿ ಬೇರೆಯೇ ಇರುತ್ತದೆ. ದಾಟುವಾಗ ಮಾತ್ರ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಹೊಗೆ, ಧೂಳು, ಬಿಸಿಲೆಂದು ದುಪಟ್ಟಾವನ್ನೋ ತೆಳು ಟವೆಲನ್ನೋ ಗಾಡಿಯ ಮೇಲೆ ಪೂರ್ತಿ ಹೊದಿಸುವವರಿದ್ದಾರೆ. ಇದರಲ್ಲಿ ಜೀವಕ್ಕೇ ಅಪಾಯವಿದೆ. 2014ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಪ್ರಾಮಿನೊಳಗೆ ತಾಪಮಾಪಕ ಇಟ್ಟು ಪರೀಕ್ಷಿಸಿತು. ಹೊದಿಕೆ ಇಲ್ಲದಾಗ 22 ಡಿಗ್ರಿ ಇದ್ದದ್ದು ತೆಳುಬಟ್ಟೆ ಮುಚ್ಚಿದ ಅರ್ಧ ಗಂಟೆಗೆ 34, ಒಂದು ಗಂಟೆಗೆ 37 ಡಿಗ್ರಿ ಮುಟ್ಟಿತು. ಅದು ಸ್ವೀಡನ್. ನಮ್ಮ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ. ಗಾಡಿಯ ಸ್ವಂತ ಮೇಲ್ಛಾವಣಿ ಎಳೆದರೆ ಸಾಕು, ಇಲ್ಲವೇ ಸೊಳ್ಳೆಪರದೆ ಕಟ್ಟಿ. ಸೊಳ್ಳೆಪರದೆ ನಮಗೆ ಬೇಕೇ ಬೇಕು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ನಾವು ಮಗುವನ್ನು ಹೊರಗೆ ಕರೆತರುವ ಬೆಳಗು ಸಂಜೆಗಳಲ್ಲೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚನೆ ಹೊರಡಿಸಬೇಕಾಯಿತು.

ಮುಖ ಯಾವ ಕಡೆ ಎಂಬುದನ್ನು ಅಂಗಡಿಯವರು ಬಣ್ಣದಷ್ಟೇ ಸಣ್ಣ ಸಂಗತಿಯೆಂದು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸೂಜನ್ ಜೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬೀದಿಗಳಲ್ಲಿ 2,722 ಪೋಷಕ-ಮಗು ಜೋಡಿಗಳನ್ನು ಗಮನಿಸಲಾಗಿತ್ತು. ಮಗು ತನ್ನತ್ತ ಮುಖ ಮಾಡಿದ್ದಾಗ ತಾಯಂದಿರು ಅದರೊಂದಿಗೆ ಎರಡು ಪಟ್ಟು ಹೆಚ್ಚು ಮಾತಾಡುತ್ತಿದ್ದರು. ವಿಜಯನಗರದ ಸಂಜೆ ಜಂಗುಳಿಯಲ್ಲಿ, ಅಪರಿಚಿತರ ಮೊಣಕಾಲುಗಳ ಕಾಡಿನೊಳಗೆ ತಳ್ಳಲ್ಪಡುವ ಎಂಟು ತಿಂಗಳ ಮಗುವಿನ ಮುಖ ಒಮ್ಮೆ ಬಗ್ಗಿ ನೋಡಿ. ಆ ವಯಸ್ಸಿನಲ್ಲಿ ಅದಕ್ಕೆ ಬೇಕಾದದ್ದು ಅಮ್ಮನ ಕಣ್ಣು. ಕೊಳ್ಳುವುದಾದರೆ ಎರಡೂ ಕಡೆ ತಿರುಗುವ ಗಾಡಿಯನ್ನೇ ಕೊಳ್ಳಿ. ಬೆಲ್ಟು ಐದು ಕಡೆ ಬಿಗಿಯುವಂಥದ್ದಿರಲಿ, ಹ್ಯಾಂಡಲಿಗೆ ಭಾರದ ಚೀಲ ಬೇಡ, ಗಾಡಿ ಹಿಂದಕ್ಕೆ ಮಗುಚುತ್ತದೆ. ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿಯಿದ್ದರೆ ಇನ್ನೂ ಕ್ಷೇಮ. 2009ರಲ್ಲಿ ಮೆಲ್ಬರ್ನಿನಲ್ಲಿ ತಾಯಿ ಕ್ಷಣಮಾತ್ರ ಕೈಬಿಟ್ಟಾಗ ಪ್ರಾಮ್ ಉರುಳಿ ರೈಲ್ವೆ ಹಳಿಗೆ ಬಿತ್ತು, ರೈಲು ಹಾಯಿತು. ಪುಣ್ಯಕ್ಕೆ ಮಗು ಬದುಕಿತು. ನಮ್ಮ ಕುರುಬರಹಳ್ಳಿಯ ಏರಿಳಿವಿನಲ್ಲೂ, ಅತ್ತಿಗುಪ್ಪೆ ಮೆಟ್ರೊ ಪ್ಲಾಟ್‌ಫಾರ್ಮಿನಲ್ಲೂ ನಿಂತ ತಕ್ಷಣ ಮೊದಲು ಬ್ರೇಕ್, ಆಮೇಲೆ ಫೋನು.

ಇಷ್ಟೆಲ್ಲ ಹೇಳಿದೆ, ನಿಜಕ್ಕೂ ನಮ್ಮ ಪಶ್ಚಿಮ ಬೆಂಗಳೂರಿನ ಹೆಚ್ಚಿನ ಮಕ್ಕಳ ವಾಹನ ಸ್ಕೂಟರು. ಅಪ್ಪ ಅಮ್ಮನ ನಡುವೆ ಒತ್ತಿಕೊಂಡು, ಇಲ್ಲವೇ ಮುಂದೆ ನಿಂತುಕೊಂಡು ಹೋಗುತ್ತವೆ. ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ 2022ರ ಫೆಬ್ರುವರಿಯಲ್ಲಿ ತಿದ್ದುಪಡಿಯಾಗಿ, ಒಂದು ವರ್ಷದ ನಂತರ ಜಾರಿಗೆ ಬಂದಿದೆ: ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರದಲ್ಲಿ ಒಯ್ದರೆ ಸವಾರನ ಬೆನ್ನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, 9 ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಆ ಪಟ್ಟಿ ಕಟ್ಟಿದವರನ್ನು ನಮ್ಮ ಕಡೆ ನಾನು ಕಂಡಿದ್ದೇ ಅಪರೂಪ. ಕಾರಿನವರ ಕತೆಯೂ ಅಷ್ಟೆ. 2019ರ ತಿದ್ದುಪಡಿ ಕಾಯ್ದೆಯಂತೆ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1,000 ರೂಪಾಯಿ ದಂಡ. ಆದರೂ "ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಲ್ಲ" ಎಂದು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುತ್ತಾರೆ. 40 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. 10 ಕೆಜಿಯ ಮಗುವನ್ನು ಹಿಡಿದಿಡಲು ಸುಮಾರು 110 ಕೆಜಿ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿನಲ್ಲೂ ಅದಿಲ್ಲ. ಮಕ್ಕಳ ಆಸನದ ಬೆಲೆ ಹೆಚ್ಚೆನ್ನುವವರು ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಖರ್ಚು ಮಾಡುವುದನ್ನು ನೋಡಿದ್ದೇನೆ.

ಆದರೂ ಎಲ್ಲವನ್ನೂ ತಾಯಿಯ ಹೆಗಲಿಗೇ ಹಾಕುವುದು ನ್ಯಾಯವಲ್ಲ. ನನ್ನನ್ನು ಕಾಡುವುದು ಇದೇ. ಪರದೆ, ಪಟ್ಟಿ, ಹೆಲ್ಮೆಟ್ಟು, ಕ್ಯಾಮೆರಾ ಎಂದು ಮಗುವಿನ ಮೈಸುತ್ತ ನಾವು ಕೊಂಡು ಕಟ್ಟುತ್ತ ಹೋದೆವು. ಬೀದಿಯನ್ನು ಹಾಗೇ ಬಿಟ್ಟೆವು. ಕೊಳ್ಳಲು ದುಡ್ಡಿಲ್ಲದ ಗಾರ್ಮೆಂಟ್ಸ್ ತಾಯಿಗೆ, ಗಾರೆ ಕೆಲಸದವಳಿಗೆ ಉಳಿದಿರುವುದು ಬೀದಿ ಮಾತ್ರ. 2023ರ ನವೆಂಬರಿನಲ್ಲಿ ನಗರದ ಇನ್ನೊಂದು ತುದಿಯ ಕಾಡುಗೋಡಿಯಲ್ಲಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿಯೂ ತೋಳಿನಲ್ಲಿದ್ದ ಒಂಬತ್ತು ತಿಂಗಳ ಮಗುವೂ ಸತ್ತರು. ಆ ತಾಯಿ ಮಗುವನ್ನು ಎದೆಗವಚಿಕೊಂಡು, ನಡೆಯಬೇಕಾದ ಕಡೆಯೇ ನಡೆಯುತ್ತಿದ್ದಳು. ಯಾವ ಕಂಪನಿಯ ಯಾವ ಬೆಲ್ಟು ಅವಳನ್ನು ಕಾಯುತ್ತಿತ್ತು?

ಕಾನೂನು ಈಗ ನಮ್ಮ ಕಡೆಗಿದೆ. ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ 2019ರಲ್ಲಿ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗಲೂ ಬೆಂಗಳೂರಿನ ರಸ್ತೆ ಗುಂಡಿಗಳ ಪ್ರಕರಣದಲ್ಲಿ ಇದೇ ಮಾತು ಹೇಳಿದ್ದರು. ಮಾಡಿದರೆ ಆಗುತ್ತದೆ ಎಂಬುದಕ್ಕೂ ನಮ್ಮ ಕಣ್ಣೆದುರೇ ಉದಾಹರಣೆಯಿದೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂದಾಗಿನಿಂದ ನನ್ನ ಮಗಳು ಅಲ್ಲಿನ ಉಪನಗರದಿಂದ ಮಗುವಿನ ಗಾಡಿಯೊಂದಿಗೆ ಒಬ್ಬಳೇ ವಿಜಯನಗರಕ್ಕೆ ಬರುತ್ತಾಳೆ. ಲಿಫ್ಟಿದೆ, ಸಮತಟ್ಟಾದ ನೆಲವಿದೆ, ಯಾರ ಕೈಯೂ ಕಾಯಬೇಕಿಲ್ಲ. ಕಷ್ಟ ಶುರುವಾಗುವುದು ನಿಲ್ದಾಣದ ಕೊನೆಯ ಮೆಟ್ಟಿಲಾಚೆ.

ನಮ್ಮ ಬೀದಿಯ ಹೆಂಗಸರು ಸೇರಿ ಎರಡು ಮೂಲೆಗಳಿಗೆ ಇಳಿಜಾರು ಹಾಕಿಸಿಕೊಂಡೆವು. ಒಂದು ಲೋಡು ಕಾಂಕ್ರೀಟಿನ ಕೆಲಸ, ಅರ್ಧ ದಿನ. ಗಾಡಿಗಳಿಗೆ ಮಾತ್ರವಲ್ಲ, ಮಂಡಿ ನೋವಿನ ನನ್ನ ವಾರಗೆಯವರಿಗೂ ತರಕಾರಿ ಗಾಡಿಯವನಿಗೂ ಅದು ಬೇಕಿತ್ತಂತೆ. ಈಗ ಬಾಕಿ ಇರುವುದು ಪಾರ್ಕು. ಹಿಂದೆ ಹತ್ತು ಗಂಟೆಗೆ ಬೀಗ ಬೀಳುತ್ತಿತ್ತು, ಮಗು ಎದ್ದು ಉಂಡು ತಯಾರಾಗುವ ಹೊತ್ತಿಗೆ ಮುಚ್ಚಿರುತ್ತಿತ್ತು. 2024ರ ಜೂನಿನಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆದೇಶವಾದ ಮೇಲೆ ಆ ತೊಂದರೆ ತಪ್ಪಿತು. ಆದರೆ ದನ, ಬೈಕು ನುಗ್ಗದಿರಲೆಂದು ಗೇಟಿಗೆ ಅಂಕುಡೊಂಕಾಗಿ ಕಬ್ಬಿಣದ ಪೈಪು ನೆಟ್ಟಿದ್ದಾರೆ, ಗಾಡಿ ತೂರುವುದಿಲ್ಲ. ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ಮಡಚಿ, ಪೈಪಿನ ಮೇಲಿಂದ ದಾಟಿಸಬೇಕು. ಒಂದು ಪೈಪು ತೆಗೆದು 75 ಸೆಂ.ಮೀ. ದಾರಿ ಬಿಡಿ ಎಂದು ಅರ್ಜಿ ಬರೆದಿದ್ದೆ. ಎದುರುಮನೆಯ ಅಜ್ಜ ಓದಿ, ಗಾಲಿಕುರ್ಚಿಯೂ ಬರಬೇಕಲ್ಲಮ್ಮಾ ಅಂದು ಅದನ್ನು 90 ಎಂದು ತಿದ್ದಿದರು. ಸೋಮವಾರ ವಾರ್ಡ್ ಕಚೇರಿಗೆ ಕೊಡಲು ಹೊರಟಿದ್ದೇವೆ, ಬೀದಿಯ ಅಷ್ಟೂ ಗಾಡಿಗಳನ್ನು ಜೊತೆಗೆ ತಳ್ಳಿಕೊಂಡು.